2147483647: ನಿಮ್ಮ ಫೋನಿನೊಳಗೆ ಕೂತಿರುವ ಒಂದು ಸಂಖ್ಯೆಯ ಕತೆ

ಇವತ್ತಿನ ಸಂಚಿಕೆ ಪೂರ್ತಿ ಒಂದೇ ಒಂದು ಸಂಖ್ಯೆಯ ಬಗ್ಗೆ. ನಿಧಾನವಾಗಿ ಹೇಳ್ತೀನಿ, ಕೇಳಿಸಿಕೊಳ್ಳಿ: 214 ಕೋಟಿ 74 ಲಕ್ಷ 83 ಸಾವಿರದ 647. ಅಂಕಿಯಲ್ಲಿ ಬರೆದರೆ 2147483647. ಹತ್ತು ಅಂಕಿ ಇದೆ, ನೋಡೋಕೆ ಯಾರದೋ ಮೊಬೈಲ್ ನಂಬರ್ ಥರ ಕಾಣುತ್ತೆ.

ಈ ಸಂಖ್ಯೆಯಿಂದಾಗಿ 2014ರಲ್ಲಿ ಯೂಟ್ಯೂಬ್ ತನ್ನ ವ್ಯೂ ಎಣಿಸುವ ಲೆಕ್ಕವನ್ನೇ ಬದಲಾಯಿಸಬೇಕಾಯಿತು. 2038ರ ಜನವರಿಯ ಒಂದು ಬೆಳಿಗ್ಗೆ ಜಗತ್ತಿನ ಎಷ್ಟೋ ಹಳೇ ಯಂತ್ರಗಳು ತಾರೀಖು ಮರೆತುಬಿಡುವ ಅಪಾಯ ಇದೆ, ಅದಕ್ಕೂ ಇದೇ ಸಂಖ್ಯೆ ಕಾರಣ. ಆದರೆ ಇದರ ಕತೆ ಶುರುವಾಗೋದು ಕಂಪ್ಯೂಟರ್‌ಗಿಂತ ಬಹಳ ಹಿಂದೆ. 250 ವರ್ಷಗಳ ಹಿಂದೆ, ಹೆಚ್ಚುಕಡಿಮೆ ಕಣ್ಣೇ ಕಾಣದ ಒಬ್ಬ ಗಣಿತಜ್ಞ ಈ ಸಂಖ್ಯೆಯ ಒಂದು ಗುಣವನ್ನು ಸಾಬೀತು ಮಾಡಿದ್ದ. ಅಲ್ಲಿಂದ ನಿಮ್ಮ ಫೋನಿನವರೆಗೆ ಒಂದೊಂದೇ ಹೆಜ್ಜೆ ಹೋಗೋಣ. ಎಸ್ಸೆಸ್ಸೆಲ್ಸಿ ಗಣಿತ ನೆನಪಿದ್ದರೆ ಸಾಕು.

ಚದುರಂಗದ ಮಣೆಯ 31 ಮನೆ

ಚದುರಂಗದ ಮಣೆಯ ಹಳೇ ಕತೆ ಗೊತ್ತಲ್ಲ? ಮೊದಲ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನದರ ದುಪ್ಪಟ್ಟು ಕಾಳು ಇಡಬೇಕು. ಕತೆಯಲ್ಲಿ ರಾಜನ ಕಣಜ ಬರಿದಾಗುತ್ತೆ. ನಾವು 64 ಮನೆ ತುಂಬಿಸೋದು ಬೇಡ, 31ನೇ ಮನೆಗೆ ನಿಲ್ಲಿಸೋಣ. ಅಲ್ಲಿಯವರೆಗಿನ ಕಾಳನ್ನೆಲ್ಲ ಕೂಡಿಸಿದರೆ ಸರಿಯಾಗಿ 2147483647 ಬರುತ್ತೆ.

ಕೂಡಿಸೋಕೆ ಒಂದು ಸುಲಭ ದಾರಿ ಇದೆ. ಮೊದಲ ಮೂರು ಮನೆ ನೋಡಿ: 1, 2, 4. ಮೊತ್ತ 7. ನಾಲ್ಕನೇ ಮನೆಯಲ್ಲಿ 8 ಕಾಳು. ಅಂದರೆ ಮೊತ್ತ ಯಾವಾಗಲೂ ಮುಂದಿನ ಮನೆಗಿಂತ ಒಂದು ಕಡಿಮೆ. ಹಾಗಾಗಿ ನಮ್ಮ ಸಂಖ್ಯೆ ಅಂದರೆ 2ರ 31ನೇ ಘಾತದಲ್ಲಿ 1 ಕಳೆದದ್ದು. ಎರಡನ್ನು 31 ಸಲ ಬರೆದು ಗುಣಿಸಿ, ಒಂದು ಕಳೆಯಿರಿ. ಅಷ್ಟೇ.

ಕಂಪ್ಯೂಟರ್‌ಗೆ 0 ಮತ್ತು 1 ಬಿಟ್ಟು ಬೇರೆ ಅಂಕಿ ಗೊತ್ತಿಲ್ಲ. ಆ ದ್ವಿಮಾನ ಪದ್ಧತಿಯಲ್ಲಿ 3ನ್ನು 11 ಅಂತ ಬರೀತೀವಿ, 7ನ್ನು 111 ಅಂತ. ನಮ್ಮ ಸಂಖ್ಯೆಯನ್ನು ಬರೆದರೆ ಸಾಲಾಗಿ 31 ಒಂದುಗಳು, ನಡುವೆ ಒಂದೇ ಒಂದು ಸೊನ್ನೆಯೂ ಇಲ್ಲ. ಈ ಚಿತ್ರ ತಲೆಯಲ್ಲಿ ಇಟ್ಟುಕೊಳ್ಳಿ. ಇವತ್ತು ಹೇಳುವ ಎಲ್ಲವೂ ಈ 31 ಒಂದುಗಳ ಸಾಲಿನಿಂದಲೇ ಹುಟ್ಟುತ್ತೆ.

ಸಾಲು ಒಡೆಯೋಕೆ ಬರುತ್ತಾ?

ಈಗ ಪ್ರಶ್ನೆ: ಈ ಸಂಖ್ಯೆಯನ್ನು ಎರಡು ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿ ಬರೆಯಬಹುದಾ? ಅಥವಾ ಇದು 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದಕ್ಕೂ ಭಾಗವಾಗದ ಅವಿಭಾಜ್ಯ ಸಂಖ್ಯೆಯಾ?

ಸಣ್ಣ ಉದಾಹರಣೆ ತಗೊಳ್ಳಿ. ಆರು ಒಂದುಗಳು: 111111. ನಮ್ಮ ಲೆಕ್ಕದಲ್ಲಿ ಅದು 63. ಆರನ್ನು ಎರಡೆರಡರ ಮೂರು ಜೋಡಿ ಮಾಡಬಹುದು: 11, 11, 11. ಪ್ರತಿ ಜೋಡಿಯೂ 11, ಅಂದರೆ 3. ಹಾಗಾಗಿ 63 ಖಂಡಿತ 3ರಿಂದ ಭಾಗವಾಗುತ್ತೆ, ಭಾಗಲಬ್ಧ 21. ಒಂದುಗಳ ಸಾಲನ್ನು ಸಮನಾದ ಗುಂಪುಗಳಾಗಿ ಮಾಡೋಕೆ ಬಂದರೆ ಸಂಖ್ಯೆ ಒಡೆಯುತ್ತೆ.

31 ಒಂದುಗಳನ್ನು ಹೀಗೆ ಸಮ ಗುಂಪು ಮಾಡೋಕಾಗಲ್ಲ, ಯಾಕಂದ್ರೆ 31 ಸ್ವತಃ ಅವಿಭಾಜ್ಯ. ಹಾಗಾದರೆ ಕೆಲಸ ಮುಗೀತಾ? ಇಲ್ಲ. 11 ಕೂಡ ಅವಿಭಾಜ್ಯವೇ. ಆದರೆ ಹನ್ನೊಂದು ಒಂದುಗಳ ಸಂಖ್ಯೆ 2047, ಅದು 23 ಗುಣಿಸು 89. ಗುಂಪು ಮಾಡೋಕೆ ಬರದಿದ್ದರೂ ಬೇರೆ ದಾರಿಯಲ್ಲಿ ಒಡೆದುಹೋಯಿತು. ಆದ್ದರಿಂದ 31ರ ವಿಷಯದಲ್ಲಿ ನಿಜವಾಗಿ ಪರೀಕ್ಷೆ ಮಾಡಲೇಬೇಕು.

1644ರಲ್ಲಿ ಫ್ರಾನ್ಸ್‌ನ ಮರಾನ್ ಮರ್ಸೆನ್ ಎಂಬ ಕ್ರೈಸ್ತ ಸಂನ್ಯಾಸಿ ಇಂಥ ಸಂಖ್ಯೆಗಳ ಒಂದು ಪಟ್ಟಿ ಪ್ರಕಟಿಸಿದ. ಎಷ್ಟು ಒಂದುಗಳನ್ನು ಸಾಲಾಗಿ ಇಟ್ಟರೆ ಅವಿಭಾಜ್ಯ ಸಿಗುತ್ತೆ ಅನ್ನೋದರ ಪಟ್ಟಿ ಅದು. ಅದರಲ್ಲಿ 31 ಇತ್ತು. ಆದರೆ ಪಟ್ಟಿ ಪೂರ್ತಿ ನಂಬುವಂಥದ್ದಾಗಿರಲಿಲ್ಲ. 67 ಮತ್ತು 257 ತಪ್ಪಾಗಿ ಸೇರಿಕೊಂಡಿದ್ದವು, 61, 89, 107 ಬಿಟ್ಟುಹೋಗಿದ್ದವು. ಆದರೂ ಈ ಜಾತಿಯ ಅವಿಭಾಜ್ಯಗಳಿಗೆ ಇವತ್ತಿಗೂ ಮರ್ಸೆನ್ ಅವಿಭಾಜ್ಯ ಅಂತಲೇ ಹೆಸರು.

ಆಯ್ಲರ್ ಮಾಡಿದ ಉಳಿತಾಯ

ಈ 31ರ ಪ್ರಶ್ನೆಯನ್ನು ಬಗೆಹರಿಸಿದ್ದು ಲಿಯೊನಾರ್ಡ್ ಆಯ್ಲರ್, 1772ರಲ್ಲಿ. ಆಗ ಆತ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ. ವಯಸ್ಸು 65ರ ಹತ್ತಿರ. ಒಂದು ಕಣ್ಣಿನ ದೃಷ್ಟಿ ಎಷ್ಟೋ ವರ್ಷಗಳ ಹಿಂದೆಯೇ ಹೋಗಿತ್ತು, ಇನ್ನೊಂದೂ ಹೆಚ್ಚುಕಡಿಮೆ ಹೋಗಿತ್ತು. ಕ್ಯಾಲ್ಕುಲೇಟರ್ ಅಂತೂ ಇರಲಿಲ್ಲ.

ನೇರವಾಗಿ ಮಾಡಿದರೆ ಎಷ್ಟು ಕೆಲಸ? ಒಂದು ಸಂಖ್ಯೆಗೆ ಅಪವರ್ತನಗಳಿದ್ದರೆ ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲಕ್ಕಿಂತ ದೊಡ್ಡದಾಗಿರಲ್ಲ. ನಮ್ಮ ಸಂಖ್ಯೆಯ ವರ್ಗಮೂಲ 46,340ಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ 46,340ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅವು 4,700ಕ್ಕೂ ಹೆಚ್ಚಿವೆ. ಪ್ರತಿಯೊಂದೂ ಹತ್ತು ಅಂಕಿಯ ಭಾಗಾಕಾರ.

ಆಯ್ಲರ್ ಮೊದಲು ಲೆಕ್ಕ ಮಾಡಲಿಲ್ಲ, ಯೋಚನೆ ಮಾಡಿದ. ಈ ಸಂಖ್ಯೆಯನ್ನು ಯಾವುದಾದರೂ ಅವಿಭಾಜ್ಯ ಭಾಗಿಸುವುದಾದರೆ ಅದು ಹೇಗಿರಬೇಕು? ಅದಕ್ಕೆ ಎರಡು ಷರತ್ತು ಇವೆ. ಒಂದು: 31ರ ದುಪ್ಪಟ್ಟು 62, ಆ 62ರಿಂದ ಭಾಗಿಸಿದಾಗ ಶೇಷ 1 ಬರಬೇಕು. ಎರಡು: 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು.

ನಂಬಿಕೆ ಬರಲಿಲ್ವಾ? ಆಗಲೇ ನೋಡಿದ 2047ರಲ್ಲಿ ಪರೀಕ್ಷೆ ಮಾಡಿ. ಅಲ್ಲಿ ಒಂದುಗಳು 11, ದುಪ್ಪಟ್ಟು 22. ಅಪವರ್ತನಗಳು 23 ಮತ್ತು 89. 23 ಅಂದರೆ 22ಕ್ಕೆ 1 ಸೇರಿಸಿದ್ದು. 89 ಅಂದರೆ 88ಕ್ಕೆ 1 ಸೇರಿಸಿದ್ದು, 88 ಅಂದರೆ 22 ನಾಲ್ಕಲಿ. 8ರಿಂದ ಭಾಗಿಸಿದರೆ 23ಕ್ಕೆ ಶೇಷ 7, 89ಕ್ಕೆ ಶೇಷ 1. ಎರಡೂ ಷರತ್ತು ಸರಿಯಾಗಿ ಕೂತವು.

ಎರಡೂ ಷರತ್ತನ್ನು ಒಟ್ಟಿಗೆ ಹಾಕಿದರೆ ಅಭ್ಯರ್ಥಿಗಳ ಪಟ್ಟಿ ಹೀಗಿರುತ್ತೆ: 63, 249, 311, 497, 559... 46,340ರ ತನಕ ಎಣಿಸಿದರೆ 370ರ ಆಸುಪಾಸು ಮಾತ್ರ. ಅದರಲ್ಲೂ 63 ಅವಿಭಾಜ್ಯ ಅಲ್ಲ, ಬಿಡಿ. 249 ಅಂದರೆ 3 ಗುಣಿಸು 83, ಅದನ್ನೂ ಬಿಡಿ. ಭಾಗಿಸಿ ನೋಡಬೇಕಾದ ಮೊದಲ ಸಂಖ್ಯೆ 311. ಸಾವಿರಾರು ಭಾಗಾಕಾರದ ಕೆಲಸ ಹೀಗೆ ನೂರರ ಲೆಕ್ಕಕ್ಕೆ ಇಳೀತು. ಯಾವುದರಿಂದ ಭಾಗಿಸಿದರೂ ಶೇಷ ಉಳೀತು. ಸಂಖ್ಯೆ ಅವಿಭಾಜ್ಯ ಅಂತ ಖಚಿತವಾಯಿತು. ಮುಂದೆ ಹಲವು ದಶಕಗಳ ಕಾಲ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರ ಕೈಗೂ ಸಿಗಲಿಲ್ಲ.

ನನಗೆ ಈ ಭಾಗ ತುಂಬ ಇಷ್ಟ. ಈಗ ನಮ್ಮ ಕೈಲಿರುವ ಫೋನ್ 4,700 ಭಾಗಾಕಾರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತೆ. ಆದರೆ ಬೇಡದ ಕೆಲಸವನ್ನು ಮೊದಲೇ ಕತ್ತರಿಸುವ ಆಯ್ಲರ್ ಬುದ್ಧಿ ಇನ್ನೂ ಬೇಕು. 2024ರ ಅಕ್ಟೋಬರ್‌ನಲ್ಲಿ ಸಿಕ್ಕ ಮರ್ಸೆನ್ ಅವಿಭಾಜ್ಯದಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಅಂಥದ್ದನ್ನು ಬರೀ ಯಂತ್ರದ ಬಲದಿಂದ ಒಂದೊಂದಾಗಿ ಭಾಗಿಸಿ ನೋಡೋಕೆ ಸಾಧ್ಯವೇ ಇಲ್ಲ.

"ಇದರಿಂದ ಏನು ಉಪಯೋಗ?"

ಗಣಿತದ ಮೇಷ್ಟ್ರನ್ನು ನಾವೆಲ್ಲ ಒಮ್ಮೆಯಾದರೂ ಕೇಳಿರುವ ಪ್ರಶ್ನೆ ಇದು. ಇಂಗ್ಲೆಂಡಿನ ಪೀಟರ್ ಬಾರ್ಲೋ ಎಂಬ ಗಣಿತಜ್ಞನಿಗೂ ಹೆಚ್ಚುಕಡಿಮೆ ಇದೇ ಅನುಮಾನ ಇತ್ತು.

ಬಾರ್ಲೋ ಬರೆದದ್ದು ಪರಿಪೂರ್ಣ ಸಂಖ್ಯೆಗಳ ಬಗ್ಗೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ತಾನೇ ಬರುವ ಸಂಖ್ಯೆ ಪರಿಪೂರ್ಣ. 6ರ ಭಾಜಕಗಳು 1, 2, 3, ಕೂಡಿಸಿದರೆ 6. 28ಕ್ಕೆ 1, 2, 4, 7, 14, ಕೂಡಿಸಿದರೆ 28. ಪ್ರತಿಯೊಂದು ಮರ್ಸೆನ್ ಅವಿಭಾಜ್ಯದಿಂದಲೂ ಇಂಥ ಒಂದು ಸಂಖ್ಯೆ ಹುಟ್ಟುತ್ತೆ. 3ರಿಂದ 6, 7ರಿಂದ 28. ನಮ್ಮ 2147483647ರಿಂದ ಹುಟ್ಟುವುದು 19 ಅಂಕಿಯ 2305843008139952128. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಮುಂದೆಂದೂ ಯಾರೂ ಕಂಡುಹಿಡಿಯಲಿಕ್ಕಿಲ್ಲ, ಇವು ಕುತೂಹಲಕ್ಕೆ ಮಾತ್ರ, ಉಪಯೋಗಕ್ಕಲ್ಲ, ಹಾಗಾಗಿ ಯಾರೂ ಕಷ್ಟಪಡಲ್ಲ ಅನ್ನೋದು 1811ರ ತನ್ನ ಪುಸ್ತಕದಲ್ಲಿ ಬಾರ್ಲೋ ಹೇಳಿದ ಮಾತಿನ ಸಾರಾಂಶ.

ಬಾರ್ಲೋ ಹೇಳಿದ್ದು ಆ ಕಾಲಕ್ಕೆ ಸರಿಯಾಗೇ ಇತ್ತು ಅನಿಸುತ್ತೆ. ಆದರೆ ಕಂಪ್ಯೂಟರ್ ಬಂದಮೇಲೆ ನಮ್ಮ ಸಂಖ್ಯೆಗೆ ಒಂದಲ್ಲ, ಎರಡು ಕೆಲಸ ಸಿಕ್ಕಿತು.

ಮೊದಲ ಕೆಲಸ: ದಾಳ ಉರುಳಿಸೋದು

ಫೋನಿನ ಆಟದಲ್ಲಿ ದಾಳ ಉರುಳುತ್ತೆ, ಹಾಡಿನ ಪಟ್ಟಿ ಕಲಸಿಹೋಗುತ್ತೆ. ಯಂತ್ರಕ್ಕೆ ಮನಸ್ಸಿಗೆ ಬಂದ ಸಂಖ್ಯೆ ಹೇಳೋಕೆ ಮನಸ್ಸೇ ಇಲ್ಲ. ಹಾಗಾಗಿ ಲೆಕ್ಕದಿಂದಲೇ ಅಂಥ ಸಂಖ್ಯೆಗಳನ್ನು ಹುಟ್ಟಿಸಬೇಕು.

ಒಂದು ಹಳೇ ಉಪಾಯ ಹೇಳ್ತೀನಿ, ಬಾಯಲ್ಲೇ ಮಾಡಿ ನೋಡಿ. 1ರಿಂದ ಶುರು ಮಾಡಿ. ಪ್ರತಿ ಸಲ 3ರಿಂದ ಗುಣಿಸಿ, 7ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ. 1, 3, 2, 6, 4, 5, ಮತ್ತೆ 1. ಒಂದರಿಂದ ಆರರವರೆಗೆ ಎಲ್ಲವೂ ಬಂತು, ಯಾವುದೂ ಎರಡು ಸಲ ಬರಲಿಲ್ಲ, ಕ್ರಮ ಮಾತ್ರ ಕಲಸಿದ ಹಾಗಿದೆ. ಈಗ 7ರ ಬದಲು 8 ಹಾಕಿ. 1, 3, ಮತ್ತೆ 1. ಎರಡೇ ಹೆಜ್ಜೆಗೆ ಸುತ್ತು ಮುಗೀತು. 7 ಅವಿಭಾಜ್ಯ, 8 ಅಲ್ಲ. ವ್ಯತ್ಯಾಸ ಅಲ್ಲೇ ಇರೋದು.

ಅಮೆರಿಕದ ಡಿ. ಎಚ್. ಲೆಹ್ಮರ್ ಕೊಟ್ಟ ಉಪಾಯ ಇದು. ಇದರಲ್ಲಿ 7ರ ಜಾಗಕ್ಕೆ 2147483647 ಹಾಕಿ, 3ರ ಜಾಗಕ್ಕೆ 16807 ಹಾಕಿದರೆ, 214 ಕೋಟಿಗೂ ಹೆಚ್ಚು ಸಂಖ್ಯೆಗಳು ಒಂದೂ ಬಿಡದೆ ಬಂದುಹೋದ ಮೇಲೇ ಸುತ್ತು ಮತ್ತೆ ಶುರುವಾಗುತ್ತೆ. 1988ರಲ್ಲಿ ಸ್ಟೀಫನ್ ಪಾರ್ಕ್ ಮತ್ತು ಕೀತ್ ಮಿಲ್ಲರ್ ಇದನ್ನು ಕನಿಷ್ಠ ಮಾನದಂಡವಾಗಿ ಸೂಚಿಸಿದರು. ಸಿ ಪ್ಲಸ್ ಪ್ಲಸ್ ಭಾಷೆಯ ಲೈಬ್ರರಿಯಲ್ಲಿ ಇವತ್ತಿಗೂ ಇದು ಇದೆ. ಒಂದು ಎಚ್ಚರಿಕೆ: ಇದರಲ್ಲಿ ಮುಂದಿನ ಸಂಖ್ಯೆಯನ್ನು ಲೆಕ್ಕ ಹಾಕಿ ಹೇಳಿಬಿಡಬಹುದು. ಆಟಕ್ಕೆ ಓಕೆ, ಪಾಸ್‌ವರ್ಡ್, ಒಟಿಪಿಗೆ ಬಳಸಬಾರದು.

ಎರಡನೇ ಕೆಲಸ: ಗೋಡೆಯಾಗಿ ನಿಲ್ಲೋದು

ಈಗ 31 ಒಂದುಗಳ ಸಾಲನ್ನು ಮತ್ತೆ ನೆನಪು ಮಾಡಿಕೊಳ್ಳಿ. ಬಹಳ ಕಾಲ ಕಂಪ್ಯೂಟರ್‌ಗಳು ಒಂದು ಪೂರ್ಣಾಂಕಕ್ಕೆ 32 ಖಾನೆ ಕೊಡುತ್ತಿದ್ದವು, ಅಂದರೆ 32 ಬಿಟ್. ಮೊದಲ ಖಾನೆ ಚಿಹ್ನೆಗೆ ಮೀಸಲು: 0 ಇದ್ದರೆ ಧನ, 1 ಇದ್ದರೆ ಋಣ. ಸಂಖ್ಯೆಗೆ ಉಳಿದದ್ದು 31 ಖಾನೆ. ಎಲ್ಲದರಲ್ಲೂ 1 ತುಂಬಿದರೆ 2147483647. ಅದಕ್ಕಿಂತ ದೊಡ್ಡದು ಅಲ್ಲಿ ಹಿಡಿಸಲ್ಲ.

ಅದಕ್ಕೆ 1 ಕೂಡಿಸಿದರೆ ಏನಾಗುತ್ತೆ? ಹಳೇ ಬೈಕಿನ ಮೀಟರ್ 99999 ಆದಮೇಲೆ ಸೊನ್ನೆಗೆ ಬರುತ್ತಿತ್ತಲ್ಲ, ಅದಕ್ಕಿಂತ ವಿಚಿತ್ರ. 31 ಒಂದುಗಳೂ ಸೊನ್ನೆಯಾಗಿ, ದಶಕ ದಾಟುತ್ತಾ ದಾಟುತ್ತಾ ಹೋಗಿ, ಕೊನೆಗೆ ಚಿಹ್ನೆಯ ಖಾನೆಯಲ್ಲಿ 1 ಕೂತುಬಿಡುತ್ತೆ. ಯಂತ್ರ ಅದನ್ನು ಓದೋದು ಹೀಗೆ: ಮೈನಸ್ 2147483648. ಒಂದೇ ಹೆಜ್ಜೆ ಮುಂದಿಟ್ಟರೆ 429 ಕೋಟಿ ಹೆಜ್ಜೆ ಹಿಂದೆ ಬಿದ್ದ ಹಾಗೆ.

2014ರಲ್ಲಿ ದಕ್ಷಿಣ ಕೊರಿಯಾದ ಗಾಯಕ ಸೈ ಅವರ 'ಗಂಗ್ನಮ್ ಸ್ಟೈಲ್' ವಿಡಿಯೊದ ವ್ಯೂ ಈ ಗೋಡೆಯ ಹತ್ತಿರ ಬಂತು. ಎಂಜಿನಿಯರ್‌ಗಳು ಮೊದಲೇ ಗಮನಿಸಿ 64 ಬಿಟ್‌ಗೆ ಬದಲಾಯಿಸಿದರು, ಡಿಸೆಂಬರ್‌ನಲ್ಲಿ ಯೂಟ್ಯೂಬ್ ಅದನ್ನು ತಮಾಷೆಯಾಗಿ ಹೇಳಿಕೊಂಡಿತು. ಈಗ ಅಲ್ಲಿನ ಗೋಡೆ 63 ಒಂದುಗಳ ಸಾಲು: 9223372036854775807. ಇಲ್ಲಿ ನಿಮಗೊಂದು ಪ್ರಶ್ನೆ. ಈ ಹೊಸ ಸಂಖ್ಯೆಯೂ ಅವಿಭಾಜ್ಯವಾ? ಭಾಗಾಕಾರ ಮಾಡೋದೇ ಬೇಡ. 63ನ್ನು ಮೂರು ಮೂರರ 21 ಗುಂಪು ಮಾಡಬಹುದು. ಮೂರು ಒಂದುಗಳು ಅಂದರೆ 7. ಹಾಗಾಗಿ ಇದು 7ರಿಂದ ಭಾಗವಾಗುತ್ತೆ. ಗೋಡೆಯಾಗೋಕೆ ಅವಿಭಾಜ್ಯ ಆಗಿರಬೇಕಿಲ್ಲ. 32 ಬಿಟ್ ಗೋಡೆ ಮಾತ್ರ ಅಕಸ್ಮಾತ್ತಾಗಿ ಎರಡೂ ಆಗಿದೆ.

2038, ಜನವರಿ 19, ಮಂಗಳವಾರ

ವ್ಯೂ ತಪ್ಪಾದರೆ ಯಾರಿಗೂ ನಷ್ಟ ಇಲ್ಲ. ಆದರೆ ಯಂತ್ರಗಳು ಸಮಯವನ್ನೂ ಹೀಗೇ ಎಣಿಸುತ್ತವೆ. ಯೂನಿಕ್ಸ್ ಮೂಲದ ವ್ಯವಸ್ಥೆಗಳಲ್ಲಿ ಗಡಿಯಾರ ಅಂದರೆ ಒಂದು ಎಣಿಕೆ: 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಇಲ್ಲಿಯವರೆಗೆ ಎಷ್ಟು ಸೆಕೆಂಡು ಆಯಿತು ಅನ್ನೋದು. ಈ ಎಣಿಕೆ 32 ಬಿಟ್‌ನಲ್ಲಿದ್ದರೆ ಅದು 2147483647 ಮುಟ್ಟೋದು ಯಾವಾಗ? 2038ರ ಜನವರಿ 19. ನಮ್ಮ ಭಾರತೀಯ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮುಂದಿನ ಸೆಕೆಂಡಿಗೆ ಅಂಥ ಯಂತ್ರಕ್ಕೆ ಅದು 1901ರ ಡಿಸೆಂಬರ್ ತಿಂಗಳು.

"ಅದಕ್ಕಿನ್ನೂ ಟೈಮ್ ಇದೆಯಲ್ಲ" ಅನ್ನಬೇಡಿ. ಕಂಪ್ಯೂಟರ್‌ಗಳು ಮುಂದಿನ ತಾರೀಖುಗಳನ್ನೂ ಲೆಕ್ಕ ಹಾಕುತ್ತವೆ. 2018ರಲ್ಲಿ ತಗೊಂಡ 20 ವರ್ಷದ ಗೃಹಸಾಲದ ಕೊನೆಯ ಕಂತು 2038ಕ್ಕೇ ಬೀಳುತ್ತೆ. 2006ರ ಮೇ ತಿಂಗಳಲ್ಲೇ ಎಒಎಲ್‌ಸರ್ವರ್ ಎಂಬ ವೆಬ್ ಸರ್ವರ್ ತಂತ್ರಾಂಶ ಈ ಗೋಡೆಗೆ ಡಿಕ್ಕಿ ಹೊಡೀತು. ಅದರಲ್ಲಿ "ಎಂದಿಗೂ ಮುಗಿಯದು" ಅನ್ನೋದಕ್ಕೆ 100 ಕೋಟಿ ಸೆಕೆಂಡು ಅಂತ ಬರೆದಿದ್ದರು, ಸುಮಾರು 31 ವರ್ಷ 8 ತಿಂಗಳು. 2006ರ ಮೇ 13ಕ್ಕೆ ಅಷ್ಟನ್ನು ಕೂಡಿಸಿದರೆ 2038ರ ಗೋಡೆ ದಾಟುತ್ತೆ. ಸರ್ವರ್‌ಗಳು ನಿಂತವು.

ಇನ್ನೊಂದು ಉದಾಹರಣೆ ಆಕಾಶದ್ದು. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಬೋಯಿಂಗ್ 787 ವಿಮಾನಗಳ ಬಗ್ಗೆ ಒಂದು ನಿರ್ದೇಶನ ಕೊಟ್ಟಿತು. ವಿದ್ಯುತ್ ಒಮ್ಮೆಯೂ ಆಫ್ ಮಾಡದೆ 248 ದಿನ ಇಟ್ಟರೆ ಒಂದು ಎಣಿಕೆ ತುಂಬಿ ತುಳುಕಿ, ಜನರೇಟರ್‌ಗಳ ನಿಯಂತ್ರಣ ಘಟಕಗಳು ಒಟ್ಟಿಗೆ ಕೈಕೊಡಬಹುದು ಅಂತ. ನಾನು ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಸೆಕೆಂಡಿನ ನೂರನೇ ಒಂದು ಭಾಗವನ್ನು ಎಣಿಸುತ್ತಾ ಹೋದರೆ 2147483647 ತಲುಪೋಕೆ ಬೇಕಾಗೋದು 248 ದಿನ 13 ಗಂಟೆ. ತಾತ್ಕಾಲಿಕ ಪರಿಹಾರ ಏನು ಗೊತ್ತಾ? ಆಗಾಗ ಆಫ್ ಮಾಡಿ ಆನ್ ಮಾಡೋದು.

ಹಾಗಾದರೆ ನಾವು ಹೆದರಬೇಕಾ?

ನಿಮ್ಮ ಹೊಸ ಫೋನ್ 64 ಬಿಟ್‌ನದು. ಅದರ ಎಣಿಕೆ ತುಂಬೋಕೆ 29 ಸಾವಿರ ಕೋಟಿ ವರ್ಷ ಬೇಕು, ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. 32 ಬಿಟ್ ಯಂತ್ರಗಳಿಗೂ ದೊಡ್ಡ ಗಡಿಯಾರ ಕೊಡುವ ಕೆಲಸವನ್ನು ಲಿನಕ್ಸ್ ತಂಡ 2020ರ 5.6ನೇ ಆವೃತ್ತಿಯಲ್ಲಿ ಒಂದು ಹಂತಕ್ಕೆ ತಂದಿತು. ಆದರೂ ಗೋಡೆಯ ನೆರಳು ಇನ್ನೂ ಇದೆ. ಹಲವು ಆಂಡ್ರಾಯ್ಡ್ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ತಾರೀಖನ್ನು ಕೈಯಾರೆ ಬದಲಾಯಿಸಲು ಹೋದರೆ 2037ರ ಡಿಸೆಂಬರ್ 31ರ ಆಚೆಗೆ ಬಿಡೋದೇ ಇಲ್ಲ. ನೋಡಿ, ಆದರೆ ಸೇವ್ ಮಾಡಬೇಡಿ. ತಾರೀಖು ತಪ್ಪಿದರೆ ಎಷ್ಟೋ ಆ್ಯಪ್‌ಗಳು ತಕರಾರು ಮಾಡುತ್ತವೆ.

ನಿಜವಾದ ಚಿಂತೆ ಫೋನಿನದ್ದಲ್ಲ. ಫೋನ್ ನಾಲ್ಕೈದು ವರ್ಷಕ್ಕೆ ಬದಲಾಗುತ್ತೆ. ಒಮ್ಮೆ ಕೂರಿಸಿ ಮರೆತುಬಿಟ್ಟ ಯಂತ್ರಗಳಿವೆಯಲ್ಲ, ಕಾರ್ಖಾನೆಯ ನಿಯಂತ್ರಕಗಳು, ಹಳೇ ರೂಟರ್‌ಗಳು, ಯಾರೂ ಮುಟ್ಟದ ಹಳೇ ಡೇಟಾಬೇಸ್‌ಗಳು, ಅವುಗಳಲ್ಲಿ ಯಾವುದರಲ್ಲಿ 32 ಬಿಟ್ ಗಡಿಯಾರ ಇದೆ ಅಂತ ಒಂದೊಂದಾಗಿ ಹುಡುಕಬೇಕು. ವೈ2ಕೆ ಸಮಯದಲ್ಲಿ ಏನೂ ಆಗಲೇ ಇಲ್ಲ ಅಂತ ಜನ ನಗುತ್ತಾರೆ. ದೊಡ್ಡ ಅನಾಹುತ ಆಗದೇ ಇದ್ದದ್ದಕ್ಕೆ ಒಂದು ಮುಖ್ಯ ಕಾರಣ, ಅದಕ್ಕೂ ಮುಂಚೆ ಎಷ್ಟೋ ಜನ ಕೂತು ಸಾಲು ಸಾಲು ಕೋಡ್ ತಿದ್ದಿದ್ದು. ಈಗ ಕಾಲೇಜಿನಲ್ಲಿ ಕೋಡಿಂಗ್ ಕಲಿಯುತ್ತಾ ಈ ಸಂಚಿಕೆ ಕೇಳುತ್ತಿರುವ ನಿಮ್ಮಲ್ಲಿ ಕೆಲವರಿಗೆ 2038ರ ಮುಂಚಿನ ಆ ಕೆಲಸ ಬರಬಹುದು. ಅಲ್ಲೂ ಆಯ್ಲರ್ ಮಾಡಿದ್ದನ್ನೇ ಮಾಡಬೇಕು: ಎಲ್ಲವನ್ನೂ ಜಾಲಾಡುವ ಮೊದಲು, ಎಲ್ಲಿ ಹುಡುಕಬೇಕು ಅಂತ ಯೋಚಿಸಬೇಕು.

ಕೊನೆಗೊಂದು ಸಣ್ಣ ಹೋಂವರ್ಕ್. 13 ಒಂದುಗಳ ಸಾಲು, ಅಂದರೆ 8191, ಅವಿಭಾಜ್ಯವಾ? ಅದರ ವರ್ಗಮೂಲ 90ರ ಆಸುಪಾಸು. ಆಯ್ಲರ್ ಷರತ್ತುಗಳನ್ನು ಹಾಕಿ ನೋಡಿ. ಎಷ್ಟು ಭಾಗಾಕಾರ ಬೇಕಾಯಿತು ಅಂತ ಕಾಮೆಂಟ್‌ನಲ್ಲಿ ತಿಳಿಸಿ. ಒಂದೇ ಒಂದು ಅಂತ ಉತ್ತರ ಬಂದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.